ಬಿದ್ದರೂ ಬಾಯಿ ಬಿಡದ ಚಾಕು

ಮಡಚುವ ಚಾಕು ಕೊಳ್ಳುವವರು ಮೊದಲು ಕೇಳುವುದು, “ಲಾಕ್ ಗಟ್ಟಿ ಇದೆಯಾ ಅಣ್ಣಾ?” ಎಂದು. ಕೇಳಬೇಕಾದ ಪ್ರಶ್ನೆಯೇ. ತೆರೆದ ಅಲಗು ಕೆಲಸದ ನಡುವೆ ಮಡಚಿಕೊಂಡರೆ ಬೆರಳಿಗೆ ಬರುತ್ತದೆ. ಆದರೆ ಇಂಥ ಚಾಕು ದಿನದ ಹೆಚ್ಚು ಹೊತ್ತು ಮುಚ್ಚಿಕೊಂಡೇ ಇರುತ್ತದೆ: ಜೇಬಿನಲ್ಲಿ, ಸೊಂಟದಲ್ಲಿ, ಚೀಲದಲ್ಲಿ, ಮೇಜಿನ ಅಂಚಿನಲ್ಲಿ. ಕೈಜಾರಿ ಬೀಳುವುದೂ ಹೆಚ್ಚಾಗಿ ಹಾಗಿರುವಾಗಲೇ. ಬಿದ್ದ ಏಟಿಗೆ ಅಲಗು ಹೊರಗೆ ಬಂದರೆ ಗತಿಯೇನು ಎಂದು ಕೇಳಿದವರು ತೀರ ವಿರಳ. ಸಾಣೆ ಹಿಡಿಯುವುದು, ಕೀಲು ಬಿಚ್ಚಿ ತೊಳೆದು ಮತ್ತೆ ಕೂಡಿಸುವುದು, ಸಡಿಲಾದದ್ದನ್ನು ಬಿಗಿ ಮಾಡುವುದು ನನ್ನ ಕೆಲಸ. ಕಸಿ ಕಟ್ಟುವ ನರ್ಸರಿಯವರು, ಕಾಫಿ ತೋಟದವರು, ರಾಮನಗರದ ಬಂಡೆ ಹತ್ತುವ ಹುಡುಗರು, ಸುಮ್ಮನೆ ಚಾಕುಗಳ ಮೇಲೆ ಪ್ರೀತಿ ಇರುವವರು, ಎಲ್ಲರ ಚಾಕುಗಳೂ ನನ್ನ ಮೇಜಿಗೆ ಬರುತ್ತವೆ. ಅವುಗಳ ಹೊಟ್ಟೆ ಬಿಚ್ಚಿ ನೋಡುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ತೆರೆದಾಗಿನ ಲಾಕು ಮುಚ್ಚಿದಾಗ ಕೆಲಸಕ್ಕೆ ಬರುವುದಿಲ್ಲ

ಇಂದು ಅಂಗಡಿಯಲ್ಲಿ ಸಿಗುವ ಮಡಚುವ ಚಾಕುಗಳಲ್ಲಿ ಬಹಳಷ್ಟು ಲೈನರ್ ಲಾಕ್ ಅಥವಾ ಫ್ರೇಮ್ ಲಾಕ್ ಜಾತಿಯವು. ಲೈನರ್ ಲಾಕಿಗೆ ಈಗಿನ ರೂಪ ಕೊಟ್ಟವರು ಅಮೆರಿಕದ ಚಾಕು ಕುಶಲಕರ್ಮಿ ಮೈಕಲ್ ವಾಕರ್, 1980ರ ದಶಕದ ಆರಂಭದಲ್ಲಿ. ಹಿಡಿಯ ಒಳಗಿನ ತೆಳು ಲೋಹದ ಪಟ್ಟಿಯನ್ನೇ ಸ್ಪ್ರಿಂಗಿನ ಹಾಗೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಆ ಪಟ್ಟಿ ಅಲಗಿನ ಬುಡದ ಹಿಂದೆ ಬಂದು ಕಂಬದಂತೆ ನಿಲ್ಲುತ್ತದೆ. ಮುಂದೆ ಇನ್ನೊಬ್ಬ ಚಾಕು ಕುಶಲಕರ್ಮಿ ಕ್ರಿಸ್ ರೀವ್ ಹಿಡಿಯ ಒಂದು ಪಾರ್ಶ್ವವನ್ನೇ ಹಾಗೆ ಕತ್ತರಿಸಿ ಲಾಕ್ ಮಾಡಿದರು. ಅದೇ ಫ್ರೇಮ್ ಲಾಕ್.

ಚಾಕು ಮುಚ್ಚಿದಾಗ ಈ ಕಂಬಕ್ಕೆ ಮಾಡಲು ಏನೂ ಇಲ್ಲ. ಪಟ್ಟಿ ಅಲಗಿನ ಪಕ್ಕೆಗೆ ಒರಗಿ ಸುಮ್ಮನೆ ಒತ್ತುತ್ತಿರುತ್ತದೆ. ಅಲಗನ್ನು ಒಳಗೆ ಹಿಡಿದಿಡುವುದು ಆ ಪಟ್ಟಿಯಲ್ಲಿ ಕೂರಿಸಿದ ಒಂದು ಸಣ್ಣ ಗುಂಡು, ಸಾಮಾನ್ಯವಾಗಿ ಒಂದೂವರೆ ಮಿ.ಮೀ. ಆಸುಪಾಸಿನದು. ಅಲಗಿನ ಬುಡದಲ್ಲಿ ಅದಕ್ಕೆ ಸರಿಯಾಗಿ ಒಂದು ಗುಳಿ ಕೊರೆದಿರುತ್ತಾರೆ, ಗುಂಡಿನ ಮೂತಿ ಅದರೊಳಗೆ ಇಳಿದು ಕೂರುತ್ತದೆ. ಇದಕ್ಕೆ ಡಿಟೆಂಟ್ ಎನ್ನುತ್ತಾರೆ. ಲಾಕು ಎಷ್ಟು ಭಾರ ತಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದುಕೊಳ್ಳುವ ಕಂಪನಿಗಳಿವೆ. ಈ ಗುಂಡಿನ ಬಗ್ಗೆ ಬರೆದದ್ದನ್ನು ನಾನು ನೋಡಿದ್ದು ಕಡಿಮೆ. ಜೇಬಿನಲ್ಲಿರುವ ಚಾಕಿನ ಮಟ್ಟಿಗೆ ನಿಮ್ಮ ತೊಡೆಯನ್ನು ಕಾಯುತ್ತಿರುವುದು ಆ ಗುಂಡೇ.

2. ಎಷ್ಟು ಬಿಗಿ ಎನ್ನುವುದಕ್ಕಿಂತ ಎಷ್ಟು ದೂರದವರೆಗೆ ಎಂದು ಕೇಳಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಳೆಯ ಮಾದರಿಯ ಚಾಕು ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ನೋಂದಾಯಿಸಿಕೊಂಡ ಅಧಿಕಾರಿಗಳ ಚಾಕು ಇದೆಯಲ್ಲ, ನಾವು ಸ್ವಿಸ್ ಚಾಕು ಎನ್ನುವುದು, ಅದರ ಅಲಗಿಗೆ ಲಾಕು ಇರಲಿಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗು, ಅದು ಅಲಗಿನ ಬುಡವನ್ನು ಒತ್ತುತ್ತಿರುತ್ತದೆ, ಅಷ್ಟೇ. ಕಸುಬಿನವರು ಇದನ್ನು ಸ್ಲಿಪ್‌ಜಾಯಿಂಟ್ ಎನ್ನುತ್ತಾರೆ. ಉಗುರು ಸಿಕ್ಕಿಸಿ ಅಲಗನ್ನು ಸ್ವಲ್ಪ ಎತ್ತಿ ಬಿಟ್ಟು ನೋಡಿ: ಟಕ್ ಎಂದು ತಾನೇ ಒಳಗೆ ಹೋಗುತ್ತದೆ. ಇನ್ನಷ್ಟು ಎತ್ತಿ ಬಿಡಿ, ಆಗಲೂ ಹೋಗುತ್ತದೆ. ಮುಚ್ಚುವ ಕಡೆಗಿನ ಆ ಎಳೆತ ಅಲಗು ತಿರುಗುವ ದಾರಿಯಲ್ಲಿ ಸಾಕಷ್ಟು ದೂರ ಜೊತೆಗೆ ಬರುತ್ತದೆ. ಬೆನ್ನಿನ ಮೇಲೆ ಒತ್ತಿ ಮಡಚುವ ಲಾಕ್‌ಬ್ಯಾಕ್ ಚಾಕುಗಳಲ್ಲೂ ಹೀಗೆಯೇ, ಏಕೆಂದರೆ ಅಲ್ಲಿಯೂ ಸ್ಪ್ರಿಂಗು ಬುಡವನ್ನು ಬಿಡದೆ ಒತ್ತುತ್ತಿರುತ್ತದೆ.

ಡಿಟೆಂಟ್ ಚಾಕನ್ನು ಹಾಗೆಯೇ ಎತ್ತಿ ನೋಡಿ. ಗುಂಡು ಗುಳಿಯಲ್ಲಿ ಇರುವಷ್ಟು ಹೊತ್ತು ಬಿಗಿಯೋ ಬಿಗಿ. ಗುಳಿಯ ಅಂಚು ದಾಟಿತೋ, ಮುಗಿಯಿತು. ಮುಂದೆ ಗುಂಡು ಅಲಗಿನ ನುಣುಪಾದ ಪಕ್ಕೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆಯೇ ಹೊರತು ಒಳಕ್ಕೆ ಎಳೆಯುವುದಿಲ್ಲ. ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಯಸ್ಕಾಂತ ಹಾಕಿಸಿದ್ದರೆ ಬಾಗಿಲು ತಾಗಿದಾಗ ಮಾತ್ರ ಹಿಡಿಯುತ್ತದೆ, ಸ್ಪ್ರಿಂಗ್ ಇರುವ ಹಿಂಜು ಹಾಕಿಸಿದ್ದರೆ ಬಾಗಿಲು ಅರ್ಧ ತೆರೆದಿದ್ದರೂ ತಾನೇ ಮುಚ್ಚಿಕೊಳ್ಳುತ್ತದೆ. ಎರಡು ಚಾಕುಗಳ ವ್ಯತ್ಯಾಸವೂ ಅದೇ.

ಇದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಸಣ್ಣ ಲೆಕ್ಕ ಬೇಕು. 30 ಗ್ರಾಂ ತೂಕದ ಅಲಗು ಒಂದು ಮೀಟರ್ ಎತ್ತರದಿಂದ, ಅಂದರೆ ಸುಮಾರು ಪ್ಯಾಂಟಿನ ಜೇಬಿನ ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 4.4 ಮೀಟರ್. ಅದರಲ್ಲಿರುವ ಶಕ್ತಿ ಸುಮಾರು 0.3 ಜೂಲ್. ಹಿಡಿ ನೆಲಕ್ಕೆ ಬಡಿದು ನಿಂತಾಗ ಅಲಗು ಆ ವೇಗದಲ್ಲಿ ಮುಂದುವರಿಯಲು ನೋಡುತ್ತದೆ. ಅದನ್ನು ನಿಲ್ಲಿಸಬೇಕಾದರೆ ಆ ಶಕ್ತಿಯನ್ನು ಯಾವುದಾದರೂ ನುಂಗಬೇಕು. ಶಕ್ತಿ ನುಂಗುವುದೆಂದರೆ ಬಲ ಮತ್ತು ಅದು ಕೆಲಸ ಮಾಡುವ ದೂರ, ಎರಡರ ಗುಣಲಬ್ಧ. ಗುಂಡು ಗುಳಿಯಿಂದ ಹೊರಬರುವ ದೂರ ಒಂದು ಮಿ.ಮೀ. ಕೂಡ ಇರದು. ಬಲ ಎಷ್ಟೇ ಇದ್ದರೂ ಅಷ್ಟು ಚಿಕ್ಕ ದೂರದಲ್ಲಿ ನುಂಗುವುದು ಅತ್ಯಲ್ಪ. ಸ್ಲಿಪ್‌ಜಾಯಿಂಟಿನ ಸ್ಪ್ರಿಂಗು ದಾರಿಯುದ್ದಕ್ಕೂ ನುಂಗುತ್ತದೆ, ಮೇಲಾಗಿ ನುಂಗಿದ್ದನ್ನು ತಿರುಗಿ ಕೊಟ್ಟು ಅಲಗನ್ನು ಒಳಗೆ ತಳ್ಳುತ್ತದೆ.

ಹಾಗಾಗಿ ಬಿದ್ದಾಗ ಕ್ಷಣಮಾತ್ರ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುವ ಚಾಕು ಒಳ್ಳೆಯ ಚಾಕು. ತೆರೆದದ್ದು ತೆರೆದಂತೆಯೇ ಉಳಿದರೆ ಕಷ್ಟ. ಅದನ್ನು ಎತ್ತಿಕೊಳ್ಳಲು ಬಾಗುವವರು ಮುಚ್ಚಿದೆ ಎಂಬ ನಂಬಿಕೆಯಲ್ಲೇ ಕೈ ಹಾಕುತ್ತಾರೆ.

3. ಬೀಳುವ ಭಂಗಿ ಅರ್ಧ ತೀರ್ಮಾನ ಮಾಡುತ್ತದೆ

ಒಂದೇ ಚಾಕು ಒಮ್ಮೆ ಬಿದ್ದಾಗ ಏನೂ ಆಗದೆ, ಇನ್ನೊಮ್ಮೆ ಬಿದ್ದಾಗ ಬಾಯಿ ಬಿಡುತ್ತದೆ. ಅದರಲ್ಲಿ ಅದೃಷ್ಟದ ಮಾತಿಲ್ಲ.

ಅಲಗು ಕೂರುವ ಸೀಳು ಮೇಲಕ್ಕಿರುವಂತೆ, ಹಿಡಿಯ ಬೆನ್ನು ನೆಲಕ್ಕೆ ತಾಗಿ ಬಿದ್ದರೆ ಅಲಗು ಇನ್ನೂ ಒಳಕ್ಕೆ ಒತ್ತಿಕೊಳ್ಳುತ್ತದೆ. ತೆರೆಯುವ ಭಯವಿಲ್ಲ. ಆದರೆ ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಒಳಗಿನ ಸ್ಪ್ರಿಂಗಿಗೆ ಬಡಿದು ಮುಕ್ಕಾಗಬಹುದು, ಆ ಮಾತನ್ನು ಕೊನೆಗೆ ಹೇಳುತ್ತೇನೆ. ಅಡ್ಡಡ್ಡ, ಚಪ್ಪಟೆಯಾಗಿ ಬಿದ್ದರೆ ಏಟು ಕೀಲಿನ ಅಚ್ಚಿಗೆ ಸಮಾನಾಂತರ, ಅಲಗನ್ನು ತಿರುಗಿಸುವ ಬಲ ಹುಟ್ಟುವುದಿಲ್ಲ. ನೆಟ್ಟಗೆ ತಲೆಯ ಮೇಲೋ ಬುಡದ ಮೇಲೋ ಬಿದ್ದರೂ ಬಲದ ಬಹುಪಾಲು ಅಲಗಿನ ಉದ್ದಕ್ಕೇ ಹೋಗುತ್ತದೆ.

ಕೆಟ್ಟ ಭಂಗಿ ಯಾವುದೆಂದರೆ ಸೀಳು ಕೆಳಮುಖ, ಕೀಲಿನ ಎದುರು ತುದಿ ಮೊದಲು ನೆಲಕ್ಕೆ, ಇಡೀ ಚಾಕು ಸ್ವಲ್ಪ ಓರೆ. ಹಿಡಿಯ ಬಾಲ ಬಡಿದು ಮೇಲಕ್ಕೆ ಪುಟಿಯುತ್ತದೆ, ಅದೇ ಹೊತ್ತಿಗೆ ಅಲಗಿನ ಮೊನೆ ಕೆಳಕ್ಕೆ ಹೋಗುತ್ತಿರುತ್ತದೆ. ಎರಡು ವೇಗಗಳೂ ವಿರುದ್ಧ ದಿಕ್ಕಿನವಾದ್ದರಿಂದ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮುಚ್ಚಿದ ಚಾಕನ್ನು ಪಕ್ಕದಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಅಲಗಿನ ಬೆನ್ನು ಹಿಡಿಯ ಅಂಚಿಗಿಂತ ಎತ್ತರಕ್ಕೆ ನಿಂತಿದ್ದರೆ ಸೀಳು ಕೆಳಗಾಗಿ ಬಿದ್ದಾಗ ನೆಲವೇ ಅದನ್ನು ಒಳಕ್ಕೆ ತಳ್ಳುತ್ತದೆ. ಬೆನ್ನು ಹಿಡಿಯೊಳಗೆ ಮುಳುಗಿದ್ದರೆ ಏಟು ತಿನ್ನುವುದು ಹಿಡಿ, ಅಲಗು ತನ್ನ ಪಾಡಿಗೆ ಹೊರಡುತ್ತದೆ. ಮೊನೆಯನ್ನು ಮುಚ್ಚಿಡಲೆಂದು ಹಿಡಿಯನ್ನು ಅಗಲ ಮಾಡಿದ ಚಾಕು ನೋಡಲು ಹೆಚ್ಚು ಸುರಕ್ಷಿತ ಅನಿಸುತ್ತದೆ. ಬೀಳುವ ಮಟ್ಟಿಗೆ ಅದಕ್ಕೆ ಇನ್ನೂ ಗಟ್ಟಿ ಸ್ಪ್ರಿಂಗು ಬೇಕು.

4. ದೊಡ್ಡ ಚಾಕಿಗೆ ದೊಡ್ಡ ಸ್ಪ್ರಿಂಗು ಬೇಕು, ಅದನ್ನು ಹಾಕಿರುವುದಿಲ್ಲ

ಒಂದು ಅಲಗಿನ ಉದ್ದ, ಅಗಲ, ದಪ್ಪ ಮೂರನ್ನೂ ಎರಡರಷ್ಟು ಮಾಡಿದರೆ ತೂಕ ಎಂಟರಷ್ಟಾಗುತ್ತದೆ. ಆ ತೂಕದ ನಡುಬಿಂದು ಕೀಲಿನಿಂದ ಎರಡರಷ್ಟು ದೂರ ಹೋಗುತ್ತದೆ. ಏಟಿನ ಹೊತ್ತಿನಲ್ಲಿ ಕೀಲಿನ ಸುತ್ತ ಹುಟ್ಟುವ ತಿರುಚುಬಲ ಹದಿನಾರರಷ್ಟು. ಸಂತೆಯಲ್ಲಿ, ಜಾತ್ರೆಯಲ್ಲಿ ಸಿಗುವ ದೊಡ್ಡ ದೊಡ್ಡ ಅಗ್ಗದ ಚಾಕುಗಳನ್ನು ಬಿಚ್ಚಿದರೆ ಒಳಗೆ ಚಿಕ್ಕ ಚಾಕಿನ ಪಟ್ಟಿಯನ್ನೇ ಉದ್ದ ಮಾಡಿ ಹಾಕಿರುತ್ತಾರೆ. ಇಂಥವು ಮುಚ್ಚಿರುವುದಕ್ಕೆ ಕೀಲಿನ ತುಕ್ಕೇ ಕಾರಣವಾಗಿರುವುದನ್ನೂ ನೋಡಿದ್ದೇನೆ. ಎಣ್ಣೆ ಬಿಟ್ಟ ಕೂಡಲೇ ಅಲಗು ಗಡಿಯಾರದ ಲೋಲಕದಂತೆ ಆಡತೊಡಗುತ್ತದೆ. ದಿನಬಳಕೆಗೆ ಮೂರು ಇಂಚಿನ ಅಲಗು ಧಾರಾಳ ಸಾಕು.

5. ನೆಲ

ಬೀಳುವ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಏಟು ಗುರುತ್ವದ ಎಷ್ಟರಷ್ಟು ಎಂದು ಅಂದಾಜು ಸಿಗುತ್ತದೆ. ಒಂದು ಮೀಟರಿನಿಂದ ಬಿದ್ದು ಸಿಮೆಂಟಿನ ಮೇಲೆ ಒಂದು ಮಿ.ಮೀ.ನಲ್ಲಿ ನಿಂತರೆ ಸಾವಿರದಷ್ಟು. ತೋಟದ ಹಸಿ ಮಣ್ಣಿನಲ್ಲಿ ಎರಡು ಸೆಂ.ಮೀ. ಹೂತು ನಿಂತರೆ ಐವತ್ತರಷ್ಟು. ತೋಟದಲ್ಲಿ ವರ್ಷಗಟ್ಟಲೆ ಸುರಕ್ಷಿತವಾಗಿದ್ದ ಚಾಕು ಪೇಟೆಯ ಮನೆಯ ಗ್ರಾನೈಟ್ ನೆಲಕ್ಕೆ ಬಿದ್ದಾಗ ಬೇರೆಯೇ ಚಾಕು.

6. ಹೊರಗೆ ಚಾಚಿರುವ ಪ್ರತಿಯೊಂದೂ ಒಂದು ಒತ್ತುಗುಂಡಿ

ಫ್ಲಿಪ್ಪರ್ ಎಂಬ ಮಾದರಿ ಈಗ ಬಹಳ ಜನಪ್ರಿಯ. ಅಲಗಿನ ಬುಡದಿಂದ ಒಂದು ಸಣ್ಣ ಕೊಕ್ಕೆ ಹಿಡಿಯ ಬೆನ್ನಿನಾಚೆ ಚಾಚಿರುತ್ತದೆ, ತೋರುಬೆರಳಿನಿಂದ ಅದನ್ನು ಒತ್ತಿದರೆ ಅಲಗು ಛಟ್ಟನೆ ತೆರೆಯುತ್ತದೆ. ಬೆರಳು ಒತ್ತಿದರೆ ತೆರೆಯುವುದು ನೆಲ ಒತ್ತಿದರೂ ತೆರೆಯುತ್ತದೆ. ಚಾಕು ಸರಿಯಾಗಿ ಆ ಕೊಕ್ಕೆಯ ಮೇಲೆ ಬಿದ್ದರೆ ಇಡೀ ಚಾಕಿನ ತೂಕ ಅದರ ಹಿಂದೆ ಬರುತ್ತದೆ. ಮೂರನೆಯ ಪಾಠದಲ್ಲಿ ಹೇಳಿದೆನಲ್ಲ, ಬೆನ್ನು ಕೆಳಗಾಗಿ ಬಿದ್ದರೆ ತೆರೆಯುವ ಭಯವಿಲ್ಲ ಎಂದು, ಫ್ಲಿಪ್ಪರಿಗೆ ಆ ಮಾತು ಅನ್ವಯಿಸುವುದಿಲ್ಲ.

ಆದ್ದರಿಂದ ಕೊಕ್ಕೆ ಚಿಕ್ಕದಾಗಿ, ಮೂಲೆ ಉರುಟಾಗಿ, ಹಿಡಿಯ ಮೈಯಿಂದ ಹೆಚ್ಚು ಹೊರಬರದೆ ಇರುವಂಥದ್ದನ್ನು ಆರಿಸಿಕೊಳ್ಳಿ. ಹೆಬ್ಬೆರಳಿಗಾಗಿ ಅಲಗಿನ ಪಕ್ಕದಲ್ಲಿ ಮೊಳೆ ಹೊಡೆದ ಚಾಕುಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಜೇಬಿನ ಬಟ್ಟೆಗೆ ಆ ಮೊಳೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಸ್ಪೈಡರ್ಕೊ ಕಂಪನಿ 1981ರಿಂದ ಅಲಗಿನಲ್ಲೇ ಒಂದು ದುಂಡು ತೂತು ಕೊರೆಯುತ್ತಾ ಬಂದಿದೆ. ಹೆಬ್ಬೆರಳ ಮೆತ್ತೆ ಆ ತೂತಿನಲ್ಲಿ ಕೂರುತ್ತದೆ. ಕೊಕ್ಕೆಯೂ ಇಲ್ಲ, ಮೊಳೆಯೂ ಇಲ್ಲ, ಹಾಗಾಗಿ ನೆಲಕ್ಕೆ ಒತ್ತಿ ತೆರೆಯಲು ಏನೂ ಸಿಗುವುದಿಲ್ಲ. ಇಷ್ಟು ಸರಳವಾದ ಉಪಾಯಗಳನ್ನು ಕಂಡಾಗ ನನಗೆ ಸಂತೋಷವಾಗುತ್ತದೆ.

7. ನುಣುಪು ಒಂದು ಗುಣ, ಅದಕ್ಕೊಂದು ಬೆಲೆ ಇದೆ

ಕೀಲಿನಲ್ಲಿ ಅಲಗಿನ ಎರಡೂ ಪಕ್ಕ ಕಂಚಿನ ವಾಷರ್ ಹಾಕುವುದು ಹಳೆಯ ಕ್ರಮ. ಈಗ ಸಣ್ಣ ಬಾಲ್ ಬೇರಿಂಗ್ ಹಾಕುತ್ತಾರೆ. ಲಾಕ್ ಬಿಟ್ಟ ತಕ್ಷಣ ಅಲಗು ತನ್ನ ತೂಕಕ್ಕೇ ಬಿದ್ದು ಮುಚ್ಚಿಕೊಳ್ಳುವುದನ್ನು ಅಂಗಡಿಯವರು ಹೆಮ್ಮೆಯಿಂದ ತೋರಿಸುತ್ತಾರೆ, ಕೊಳ್ಳುವ ಹುಡುಗರ ಕಣ್ಣು ಅರಳುತ್ತದೆ. ಕೆಲಸಗಾರನಾಗಿ ನನಗೂ ಆ ನಯ ಇಷ್ಟ. ಆದರೆ ತನ್ನ ತೂಕಕ್ಕೇ ಬಿದ್ದು ಮುಚ್ಚುವ ಅಲಗು ಗುಳಿಯಿಂದ ಗುಂಡು ಹೊರಬಂದ ಮೇಲೆ ಅಷ್ಟೇ ಸಲೀಸಾಗಿ ತೆರೆಯುತ್ತದೆ. ವಾಷರಿನ ತಿಕ್ಕಾಟ ಅಲಗಿನ ವೇಗವನ್ನು ಸ್ವಲ್ಪವಾದರೂ ಕುಗ್ಗಿಸುತ್ತಿತ್ತು. ಬೇರಿಂಗಿನಲ್ಲಿ ಆ ಎರಡನೆಯ ಕಾವಲು ಇಲ್ಲ. ಮರ ಹತ್ತುವವರಿಗೆ, ಬಂಡೆ ಹತ್ತುವವರಿಗೆ ನಾನು ವಾಷರ್ ಇರುವುದನ್ನೇ ಹೇಳುತ್ತೇನೆ, ಕೀಲಿನ ಸ್ಕ್ರೂ ಒಂದು ಎಳೆ ಬಿಗಿಯಾಗಿಯೇ ಇರಲಿ ಎನ್ನುತ್ತೇನೆ.

8. ಸ್ಪ್ರಿಂಗು ಯಾವ ಕಡೆಗೆ ತಳ್ಳುತ್ತಿದೆ ಎಂದು ತಿಳಿದುಕೊಳ್ಳಿ

ಇಷ್ಟು ಹೊತ್ತು ಮಾತಾಡಿದ್ದು ಸ್ಪ್ರಿಂಗು ಮುಚ್ಚುವ ಕಡೆ ಒತ್ತುವ ಚಾಕುಗಳ ಬಗ್ಗೆ. ಸಿನಿಮಾದಲ್ಲಿ ರೌಡಿಗಳು ಝಳಪಿಸುವ ಬಟನ್ ಚಾಕಿನಲ್ಲಿ ಸ್ಪ್ರಿಂಗು ಸದಾ ತೆರೆಯುವ ಕಡೆಗೇ ತಳ್ಳುತ್ತಿರುತ್ತದೆ. ಬಟನ್ನಿಗೆ ಜೋಡಿಸಿದ ಒಂದೇ ಒಂದು ಕೊಂಡಿ ಅದನ್ನು ತಡೆದಿಟ್ಟಿರುತ್ತದೆ. ಬಿದ್ದ ಏಟಿಗೆ ಕೊಂಡಿ ಜಾರಿದರೆ ಅಲಗು ಪೂರ್ತಿ ತೆರೆದು, ತೆರೆದ ಸ್ಥಿತಿಯಲ್ಲೇ ಲಾಕ್ ಆಗುತ್ತದೆ. ಇಂಥವುಗಳಲ್ಲಿ ಕೆಲವಕ್ಕೆ ಬಟನ್ನಿನ ಪಕ್ಕದಲ್ಲಿ ಜಾರುಕೀಲಿ ಇರುವುದು ಅದಕ್ಕೇ.

ನಡುವಿನದು ಅಸಿಸ್ಟೆಡ್ ಎಂಬ ಬಗೆ. ಮೊದಲ ಕೆಲವು ಡಿಗ್ರಿಗಳವರೆಗೆ ಸ್ಪ್ರಿಂಗು ಅಲಗನ್ನು ಒಳಕ್ಕೆ ಹಿಡಿಯುತ್ತದೆ, ಬೆರಳು ಆ ಗಡಿ ದಾಟಿಸಿದ ಮೇಲೆ ಅದೇ ಸ್ಪ್ರಿಂಗು ದಿಕ್ಕು ಬದಲಿಸಿ ಹೊರಕ್ಕೆ ನೂಕುತ್ತದೆ. ಗಡಿಯ ಒಳಗೆ ಇರುವಷ್ಟು ಹೊತ್ತು ಇದು ಡಿಟೆಂಟಿಗಿಂತ ವಾಸಿ. ಗಡಿ ದಾಟಿದ ಮೇಲೆ ಎಲ್ಲಕ್ಕಿಂತ ಅಪಾಯ, ಏಕೆಂದರೆ ಅರ್ಧಕ್ಕೆ ನಿಲ್ಲುವುದೇ ಇಲ್ಲ. ಕರ್ಶಾ ಕಂಪನಿ ತನ್ನ ಲೀಕ್ ಎಂಬ ಅಸಿಸ್ಟೆಡ್ ಚಾಕಿನಲ್ಲಿ ಮೊನೆಯ ಬಳಿ ಒಂದು ಚಿಕ್ಕ ಜಾರುಕೀಲಿ ಇಟ್ಟಿದೆ. ಸರಿಸಿದರೆ ಅದು ಮುಚ್ಚಿದ ಅಲಗಿನ ಮೊನೆಯನ್ನು ತಡೆದು ಹಿಡಿಯುತ್ತದೆ. ಲೀಕ್ ಇಟ್ಟುಕೊಂಡ ಹಲವರು ಆ ಕೀಲಿಯನ್ನು ಒಮ್ಮೆಯೂ ಸರಿಸಿರುವುದಿಲ್ಲ.

ಸ್ಪ್ರಿಂಗು ಯಾವ ಕಡೆಗೆ ತಳ್ಳುತ್ತದೆ ಎಂಬ ಈ ಸೂಕ್ಷ್ಮವನ್ನೇ ಹಿಡಿದು ಅಮೆರಿಕದ ಕಾನೂನು ನಡೆದಿದೆ. 1958ರ ಸ್ವಿಚ್‌ಬ್ಲೇಡ್ ಕಾಯಿದೆ ಬಟನ್ ಚಾಕುಗಳ ಅಂತರರಾಜ್ಯ ವ್ಯಾಪಾರವನ್ನು ತಡೆಯಿತು. ಅಸಿಸ್ಟೆಡ್ ಚಾಕುಗಳೂ ಅದರ ವ್ಯಾಪ್ತಿಗೆ ಬರುತ್ತವೆಯೇ ಎಂಬ ವಿವಾದ ಎದ್ದಾಗ 2009ರಲ್ಲಿ ತಿದ್ದುಪಡಿ ತಂದು, ಅಲಗು ಮುಚ್ಚಿಕೊಳ್ಳುವ ಕಡೆಗೆ ಒಲವು ಹುಟ್ಟಿಸುವ ಸ್ಪ್ರಿಂಗೋ ಡಿಟೆಂಟೋ ಇದ್ದು, ಕೈಯ ಬಲದಿಂದಲೇ ಅದನ್ನು ಮೀರಿ ತೆರೆಯಬೇಕಾದ ಚಾಕುಗಳಿಗೆ ವಿನಾಯಿತಿ ಕೊಟ್ಟರು. ನ್ಯೂಯಾರ್ಕ್ ರಾಜ್ಯದ ಕಾನೂನಿನಲ್ಲಿ ಇಂಥದ್ದೇ ಸೂಕ್ಷ್ಮ ಕಹಿಯಾಗಿಯೂ ಪರಿಣಮಿಸಿತ್ತು. ಮಣಿಕಟ್ಟು ಝಾಡಿಸಿದಾಗ ಅಲಗು ಹೊರಬಂದರೆ ಅದು ನಿಷೇಧಿತ ಗ್ರಾವಿಟಿ ಚಾಕು ಎಂದು ಪೊಲೀಸರು ಕೇಸು ಹಾಕುತ್ತಿದ್ದರು. ಕೀಲು ಸವೆದು ಸಡಿಲವಾದ ಸಾಮಾನ್ಯ ಚಾಕು ಇಟ್ಟುಕೊಂಡ ಕೂಲಿ ಕೆಲಸದವರೂ ಅದರಲ್ಲಿ ಸಿಕ್ಕಿಬಿದ್ದರು. ಆ ನಿಷೇಧ 2019ರಲ್ಲಿ ರದ್ದಾಯಿತು. ಕೆಲಸದ ಚಾಕು ಸವೆಯುವುದು ಅಪರಾಧವಲ್ಲ. ರದ್ದಾದದ್ದು ನ್ಯಾಯವೇ.

ಲಂಡನ್ನಿಗೆ ಹೊರಟ ನಮ್ಮವರಿಗೂ ಒಂದು ಮಾತು. ಬ್ರಿಟನ್ನಿನಲ್ಲಿ ಸಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಇಟ್ಟುಕೊಳ್ಳಬಹುದಾದದ್ದು ಮೂರು ಇಂಚು ಮೀರದ ಬಾಯಿಯ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಹಾಗೆಂದರೆ ಹೆಚ್ಚುಕಡಿಮೆ ಸ್ಲಿಪ್‌ಜಾಯಿಂಟ್. ಬೀಳುವ ವಿಷಯದಲ್ಲಿ ಅದು ಒಳ್ಳೆಯ ಆಯ್ಕೆಯೇ.

9. ಮುಚ್ಚಿದಾಗಲೂ ಬೀಗ ಬೀಳುವ ಚಾಕು

ಬೀಳುವುದಕ್ಕೆ ಪೂರ್ತಿ ಉತ್ತರ ಬೇಕೆಂದರೆ ಮುಚ್ಚಿದ ಸ್ಥಿತಿಗೂ ಬೀಗ ಇರಬೇಕು. ಫ್ರಾನ್ಸಿನ ಸವೊಯ್ ಪ್ರಾಂತ್ಯದ ಒಪಿನೆಲ್ ಚಾಕು ನನಗೆ ಇದಕ್ಕಾಗಿಯೇ ಅಚ್ಚುಮೆಚ್ಚು. ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ್ದು ಮರದ ಹಿಡಿ, ಒಂದು ಅಲಗು, ಒಂದು ರಿವಿಟ್, ಅಷ್ಟೇ. 1955ರಲ್ಲಿ ಕೀಲಿನ ಸುತ್ತ ತಿರುಗುವ ಉಕ್ಕಿನ ಬಳೆ ಸೇರಿಸಿದರು, ತೆರೆದ ಅಲಗು ಮಡಚದಂತೆ ಅದು ಅಡ್ಡ ನಿಲ್ಲುತ್ತದೆ. 2000ದಲ್ಲಿ ಬಳೆಯನ್ನು ತಿದ್ದಿ, ಮುಚ್ಚಿದ ಅಲಗನ್ನೂ ಅದೇ ಬಳೆ ಹಿಡಿಯುವಂತೆ ಮಾಡಿದರು. ಬಳೆ ತಿರುಗಿಸಿದ್ದರೆ ಏಟು ಯಾವ ಕಡೆಯಿಂದ ಬಂದರೂ ಅಲಗಿನ ದಾರಿಯಲ್ಲಿ ಉಕ್ಕು ಅಡ್ಡ ಇರುತ್ತದೆ. ಬಳೆ ಇರುವುದು 6ನೇ ನಂಬರಿನ ಅಳತೆಯಿಂದ ಮೇಲಿನವಕ್ಕೆ. ಅದಕ್ಕಿಂತ ಚಿಕ್ಕವು ಮರದ ಬಿಗಿಯ ಮೇಲೆಯೇ ನಿಂತಿವೆ.

ಆ ಮರದ ಬಿಗಿ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆ, ಮಡಿಕೇರಿ ಕಡೆಯಿಂದ ಬರುವ ಒಪಿನೆಲ್‌ಗಳ ಹಿಡಿ ನೀರು ಕುಡಿದು ಉಬ್ಬಿ, ಅಲಗು ಉಗುರಿಗೆ ಜಪ್ಪಯ್ಯ ಎಂದರೂ ಬರುವುದಿಲ್ಲ. ಹಿಡಿಯ ಹಿಂತುದಿಯನ್ನು ಮರದ ತುಂಡಿಗೆ ಬಡಿದರೆ ಅಲಗು ಸ್ವಲ್ಪ ಮೇಲೇಳುತ್ತದೆ. ಸವೊಯ್‌ನವರು ಬಹಳ ಕಾಲದಿಂದ ಮಾಡುತ್ತಿರುವುದೂ ಇದನ್ನೇ. ಗಮನಿಸಿ: ಬಡಿದರೆ ಮೇಲೇಳುತ್ತದೆ ಎಂದರೆ, ಬಳೆ ಹಾಕದೆ ಬೀಳಿಸಿದರೂ ಮೇಲೇಳಬಹುದು. ಏಪ್ರಿಲ್ ಹೊತ್ತಿಗೆ ಬಯಲುಸೀಮೆಯ ಒಣಹವೆಯಲ್ಲಿ ಅದೇ ಹಿಡಿ ಒಣಗಿ ಕುಗ್ಗಿ ಅಲಗು ಸಡಿಲಾಗುತ್ತದೆ. ಬಳೆ ತಿರುಗಿಸುವ ಅಭ್ಯಾಸ ಕೈಗೆ ಹತ್ತಿದರೆ ಈ ಯಾವುದರ ಚಿಂತೆಯೂ ಇಲ್ಲ.

10. ಬರೀ ತಿಕ್ಕಾಟವನ್ನು ನಂಬಿದ ಚಾಕು

ಜಪಾನಿನ ಹಿಗೊನೊಕಾಮಿ ಇಂಥದ್ದು. ಮಡಚಿದ ಲೋಹದ ತಗಡಿನ ಹಿಡಿ, ಅಲಗಿನ ಬುಡದಿಂದ ಹೊರಬರುವ ಒಂದು ಬಾಲ. ಲಾಕಿಲ್ಲ, ಸ್ಪ್ರಿಂಗಿಲ್ಲ. ರಿವಿಟ್ ಎಷ್ಟು ಬಿಗಿಯೋ ಅಷ್ಟೇ ಭದ್ರ. ಸಡಿಲಾದರೆ ರಿವಿಟ್ಟಿನ ತಲೆಗೆ ಹಗುರಾಗಿ ಸುತ್ತಿಗೆ ತಟ್ಟಬೇಕು. ಬರೆಯುವ ಮೇಜಿಗೆ ಚಂದ, ಸೊಂಟಕ್ಕೆ ಬೇಡ.

11. ಕೊಳೆ ಕೂತ ಗುಳಿ ಗುಳಿಯಲ್ಲ

ಮುಚ್ಚಿದಾಗಿನ ಹಿಡಿತ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ, ನಿಧಾನವಾಗಿ. ಜೇಬಿನ ಹತ್ತಿ, ಅಡಿಕೆ ಸಿಪ್ಪೆಯ ನಾರು, ಮಾವಿನ ಸೊನೆ, ಹಲಸಿನ ಮೇಣ ಎಲ್ಲವೂ ಸೀಳಿನ ತಳಕ್ಕೆ ಹೋಗಿ ಗಟ್ಟಿಯಾಗುತ್ತವೆ. ಅಲಗು ಪೂರ್ತಿ ಒಳಗೆ ಇಳಿಯುವುದಿಲ್ಲ. ಇಳಿಯದಿದ್ದರೆ ಗುಂಡು ಗುಳಿಯ ನಡುವೆ ಕೂರದೆ ಅಂಚಿನ ಮೇಲೆ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಚಾಕು ಮುಚ್ಚಿದಂತೆಯೇ ಕಾಣುತ್ತದೆ. ನರ್ಸರಿಯವರ ಕಸಿ ಚಾಕುಗಳಲ್ಲಿ ಇದು ತೀರ ಸಾಮಾನ್ಯ. ದಿನವಿಡೀ ಸೊನೆಯ ಜೊತೆಯೇ ಅವುಗಳ ಬಾಳು.

ಹಲ್ಲುಜ್ಜುವ ಹಳೆಯ ಬ್ರಶ್, ಬಿಸಿನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಸಾಕು. ಸೊನೆ, ಮೇಣಕ್ಕೆ ಮೊದಲು ಕೊಬ್ಬರಿ ಎಣ್ಣೆ ಸವರಿ ಬಿಟ್ಟರೆ ಸಡಿಲಾಗುತ್ತದೆ, ಆದರೆ ಆಮೇಲೆ ಆ ಎಣ್ಣೆಯನ್ನು ಪೂರ್ತಿ ತೊಳೆಯಬೇಕು. ಬಿಟ್ಟರೆ ಅದೇ ಅಂಟಾಗಿ ಧೂಳು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಕೀಲಿಗೆ. ಹೆಚ್ಚು ಬೇಡ.

ಡಿಟೆಂಟ್ ಬಲ ಕಡಿಮೆಯಾಗಿದ್ದರೆ ಪಟ್ಟಿಯನ್ನು ಒಳಕ್ಕೆ ಬಾಗಿಸಿ ಬಿಗಿ ಮಾಡಬಹುದು. ಇದನ್ನು ಮನೆಯಲ್ಲಿ ಮಾಡಬೇಡಿ. ಹೆಚ್ಚು ಬಾಗಿದರೆ ತೆರೆದಾಗಿನ ಲಾಕು ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ. ಒಂದನ್ನು ಸರಿಮಾಡಲು ಹೋಗಿ ಬೆರಳು ಕಾಯುವ ಇನ್ನೊಂದನ್ನು ಕೆಡಿಸಿದಂತಾಗುತ್ತದೆ.

12. ಕೊಳ್ಳುವ ಮೊದಲು ಹೀಗೆ ನೋಡಿ

ಅಂಗಡಿಯಲ್ಲಿ ಚಾಕನ್ನು ಬೀಳಿಸಲು ಯಾರೂ ಬಿಡುವುದಿಲ್ಲ, ಬೇಕಾಗಿಯೂ ಇಲ್ಲ. ಮುಚ್ಚಿದ ಚಾಕನ್ನು ಸೀಳು ಕೆಳಗಾಗಿ, ಕೀಲಿನ ಕಡೆ ನಿಮ್ಮತ್ತ ಬರುವಂತೆ ಗಟ್ಟಿಯಾಗಿ ಹಿಡಿಯಿರಿ. ಅಲಗಿನ ದಾರಿಯಲ್ಲಿ ಬೆರಳು ಇರಬಾರದು, ಎದುರಿಗೆ ಯಾರೂ ನಿಂತಿರಬಾರದು. ಮಣಿಕಟ್ಟಿನಿಂದ ಕೆಳಕ್ಕೆ ಒಂದು ಜರ್ಕು ಕೊಟ್ಟು ನಿಲ್ಲಿಸಿ. ಅಲಗು ಹೊರಬಂದರೆ ಆ ಚಾಕನ್ನು ಅಲ್ಲೇ ಇಟ್ಟು ಬನ್ನಿ. ಬರದಿದ್ದರೆ ಎರಡನೆಯದು: ಅಲಗನ್ನು ಅರ್ಧ ಇಂಚು ಎತ್ತಿ ಬಿಡಿ. ಒಳಗೆ ಎಳೆದುಕೊಂಡರೆ ಒಳ್ಳೆಯದು. ಎಳೆದುಕೊಳ್ಳದೆ ಅಲ್ಲೇ ನಿಂತರೆ ಗುಂಡೊಂದೇ ಕಾವಲು ಎಂದು ತಿಳಿಯಿರಿ. ಇಟ್ಟುಕೊಳ್ಳುವ ಜಾಗವನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಿ.

ಮನೆಯಲ್ಲಿ ನಿಜವಾಗಿ ಬೀಳಿಸಿ ನೋಡುವ ಹುರುಪಿದ್ದರೆ ಬಾಯಿಗೆ ದಪ್ಪ ಟೇಪು ಸುತ್ತಿ, ಹಲಗೆಯ ಮೇಲೆ, ಕಾಲಿಗೆ ಶೂ ಹಾಕಿ, ಮಕ್ಕಳನ್ನು ಹೊರಗೆ ಕಳಿಸಿ ಮಾಡಿ. ಟೇಪಿನ ದಪ್ಪಕ್ಕೆ ಅಲಗು ಸೀಳಿನೊಳಗೆ ಪೂರ್ತಿ ಇಳಿಯುತ್ತಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಹನ್ನೊಂದನೆಯ ಪಾಠದ ಕೊಳೆಯ ಕೆಲಸವನ್ನು ಟೇಪು ಮಾಡುತ್ತದೆ.

13. ಎಲ್ಲಿ ಇಟ್ಟುಕೊಳ್ಳುತ್ತೀರಿ ಎನ್ನುವುದೂ ಒಂದು ಬೀಗ

ಜೇಬಿಗೆ ಸಿಕ್ಕಿಸುವ ಕ್ಲಿಪ್ ಇರುವ ಚಾಕುಗಳಲ್ಲಿ ಮೊನೆ ಮೇಲಕ್ಕಿರುವಂತೆ ಕೂರುವುದು ಒಂದು ಬಗೆ, ಕೆಳಕ್ಕಿರುವಂತೆ ಕೂರುವುದು ಇನ್ನೊಂದು. ಮೊನೆ ಮೇಲಿದ್ದು ಅಲಗು ಜೇಬಿನಲ್ಲೇ ಸ್ವಲ್ಪ ತೆರೆದುಕೊಂಡರೆ, ಕೈ ಹಾಕಿದವನ ಬೆರಳು ನೇರ ಮೊನೆಗೆ ಹೋಗುತ್ತದೆ. ಹಾಗೆ ಇಟ್ಟುಕೊಳ್ಳುವವರು ಅಲಗಿನ ಬೆನ್ನು ಜೇಬಿನ ಹಿಂಬದಿಯ ಹೊಲಿಗೆಗೆ ಒತ್ತಿಕೊಂಡಿರುವಂತೆ ಸಿಕ್ಕಿಸಬೇಕು. ಹೊಲಿಗೆಯೇ ಅಲಗನ್ನು ತಡೆಯುತ್ತದೆ.

ಪಂಚೆ, ಲುಂಗಿಯ ಮಡಿಲಿಗೆ ಸಿಕ್ಕಿಸಿಕೊಂಡು ಮರ ಹತ್ತುವವರ ವಿಷಯವೇ ಬೇರೆ. ಅಲ್ಲಿ ಹೊಲಿಗೆಯೂ ಇಲ್ಲ, ಕ್ಲಿಪ್ಪೂ ಇಲ್ಲ. ಹನ್ನೆರಡು ಮೀಟರ್ ಎತ್ತರದಿಂದ ಜಾರಿದ ಚಾಕು ನೆಲ ಮುಟ್ಟುವಾಗ ಸೆಕೆಂಡಿಗೆ ಹದಿನೈದು ಮೀಟರ್ ವೇಗದಲ್ಲಿರುತ್ತದೆ, ಕೆಳಗೆ ಗೊನೆ ಹೊರುವವರು ನಿಂತಿರುತ್ತಾರೆ. ಅಂಥವರಿಗೆ ನಾನು ಚಾಕು ಸಾಣೆ ಹಿಡಿದು ಕೊಡುವಾಗಲೇ ಹಿಡಿಯ ತೂತಿಗೆ ಒಂದು ನೈಲಾನ್ ದಾರ ಕಟ್ಟಿಕೊಡುತ್ತೇನೆ, ಇನ್ನೊಂದು ತುದಿ ಉಡಿದಾರಕ್ಕೋ ಬೆಲ್ಟಿಗೋ. ತೂತಿಲ್ಲದ ಚಾಕಾದರೆ ಹಿಡಿಯ ಕೊನೆಯಲ್ಲಿ ಕೊರೆದುಕೊಡುತ್ತೇನೆ. ದಾರ ಅಲಗು ತೆರೆಯುವುದನ್ನು ತಡೆಯುವುದಿಲ್ಲ. ಚಾಕು ನೆಲ ಮುಟ್ಟುವುದನ್ನು ತಡೆಯುತ್ತದೆ.

14. ಬಿದ್ದ ಮೇಲೆ

ಬೀಳುತ್ತಿರುವ ಚಾಕನ್ನು ಹಿಡಿಯಲು ಕೈ ಚಾಚಬೇಡಿ, ಕಾಲಿನಿಂದ ತಡೆಯಲೂ ಹೋಗಬೇಡಿ. ಹಿಂದೆ ಸರಿಯಿರಿ. ನಿಂತ ಮೇಲೆ ಬೆಳಕಿನಲ್ಲಿ ನೋಡಿ, ಹಿಡಿಯ ಬೆನ್ನಿನ ಕಡೆಯಿಂದ ಎತ್ತಿಕೊಳ್ಳಿ.

ಮುಚ್ಚಿಯೇ ಇದ್ದರೂ ಕೆಲಸ ಮುಗಿದಿಲ್ಲ. ಸ್ಲಿಪ್‌ಜಾಯಿಂಟ್ ಚಾಕಿನ ಅಲಗಿನ ಬುಡದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ಮುಚ್ಚಿದಾಗ ಅದು ಸ್ಪ್ರಿಂಗಿನ ಮೇಲೆ ಕೂತು, ಬಾಯಿ ಸ್ಪ್ರಿಂಗಿಗೆ ತಾಗದಂತೆ ಒಂದು ಕೂದಲೆಳೆಯ ಅಂತರ ಉಳಿಸುತ್ತದೆ. ಬೆನ್ನು ಕೆಳಗಾಗಿ ಬಿದ್ದಾಗ ಸ್ಪ್ರಿಂಗು ಬಾಗಿ ಆ ಅಂತರ ಮುಚ್ಚಿಹೋಗುತ್ತದೆ, ಬಾಯಿ ಉಕ್ಕಿಗೆ ಬಡಿಯುತ್ತದೆ. ಫ್ರಾನ್ಸಿನ ಲಾಗಿಯೋಲ್ ಚಾಕು ಇಟ್ಟುಕೊಂಡವರು ಅಲಗನ್ನು ಟಪ್ಪೆಂದು ಬಿಡದೆ ಬೆರಳಿನಿಂದ ನಿಧಾನಕ್ಕೆ ಇಳಿಸುವುದು ಈ ಬಾಯಿಯನ್ನು ಉಳಿಸಲಿಕ್ಕೇ. ಆದ್ದರಿಂದ ತೆರೆದು ಬಾಯಿಯನ್ನು ದೀಪದ ಕೆಳಗೆ ಹಿಡಿಯಿರಿ. ನಡುಭಾಗದಲ್ಲಿ ಬೆಳ್ಳಗೆ ಮಿನುಗುವ ಚುಕ್ಕಿ ಕಂಡರೆ ಅಲ್ಲಿ ಮುಕ್ಕಾಗಿದೆ.

ಆಮೇಲೆ ಅಲಗನ್ನು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಮೊದಲಿಲ್ಲದ ಆಟ ಬಂದಿದ್ದರೆ ರಿವಿಟ್ಟೋ ಸ್ಕ್ರೂವೋ ಏಟು ತಿಂದಿದೆ. ಮುಚ್ಚಿ, ಮೇಲಿನಿಂದ ಸೀಳನ್ನು ನೋಡಿ: ಅಲಗು ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ ಹಿಡಿಯೇ ತಿರುಚಿದೆ. ಕೊನೆಗೆ ಹನ್ನೆರಡನೆಯ ಪಾಠದ ಎರಡು ಪರೀಕ್ಷೆಗಳನ್ನೂ ಇನ್ನೊಮ್ಮೆ ಮಾಡಿ. ನಿನ್ನೆ ಪಾಸಾದ ಚಾಕು ಇಂದು ಫೇಲಾದರೆ ಬಿಗಿ ಮಾಡಿಸುವವರೆಗೆ ಅದು ಜೇಬಿಗೆ ಹೋಗಬಾರದು, ಮೇಜಿನ ಡ್ರಾಯರಿನಲ್ಲಿರಲಿ.